ವನಗೂರಿನ ದಾರಿಗೆ ಐಷಾರಾಮಿ ಎಸ್‌ಯುವಿ: ಲಾಭವೆಷ್ಟು, ತೊಡಕೆಷ್ಟು?

ವನಗೂರು: ಐದು ಮೀಟರ್ ಉದ್ದದ ಐಷಾರಾಮಿ ಎಸ್‌ಯುವಿಗಳು ಬೆಂಗಳೂರಿನ ರಸ್ತೆಗಳಲ್ಲಿ ಈಗ ಅಪರೂಪವಲ್ಲ. ಅವುಗಳ ಜಾಹೀರಾತುಗಳಲ್ಲಿ ಕಾಣುವುದು ಮಾತ್ರ ಬೆಟ್ಟ, ಕೆಸರು, ಹಳ್ಳಕೊಳ್ಳ. ಇವೆಲ್ಲವೂ ಧಾರಾಳವಾಗಿರುವ ಪ್ರದೇಶ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲೂಕುಗಳ ಮಲೆನಾಡು. ಸಕಲೇಶಪುರದಿಂದ ಹೆತ್ತೂರು, ವನಗೂರು, ಬಿಸಿಲೆ ಮಾರ್ಗವಾಗಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಕೋಟಿ ರೂಪಾಯಿ ಮೀರಿದ ವಾಹನದ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ.

ಈ ವರ್ಗದ ಮೂರು ವಾಹನಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಏಳು ಆಸನಗಳ ಮರ್ಸಿಡಿಸ್ ಬೆಂಜ್ ಜಿಎಲ್‌ಎಸ್‌ನ ಪರಿಷ್ಕೃತ ಆವೃತ್ತಿ 2024ರ ಜನವರಿಯಲ್ಲಿ 1.32 ಕೋಟಿ ರೂ. ಷೋರೂಂ ಬೆಲೆಯೊಂದಿಗೆ ಮಾರುಕಟ್ಟೆಗೆ ಬಂದಿತು. 2023ರಲ್ಲಿ ಬಂದ ಟೊಯೋಟಾ ಲ್ಯಾಂಡ್ ಕ್ರೂಸರ್ 300ರ ಬೆಲೆ ಎರಡು ಕೋಟಿ ರೂ. ಮೀರಿತ್ತು. ಮೂರನೆಯದು ರೇಂಜ್ ರೋವರ್. 2024ರಿಂದ ಇದರ ಜೋಡಣೆ ಭಾರತದಲ್ಲಿಯೇ ಆರಂಭವಾಗಿದೆ.

ಹೆದ್ದಾರಿಯಲ್ಲಿ ಹಿರಿಮೆ

ಬೆಂಗಳೂರಿನಿಂದ ಸಕಲೇಶಪುರಕ್ಕೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 220 ಕಿ.ಮೀ. ಈ ದೂರವನ್ನು ಕ್ರಮಿಸುವಾಗ ದೊಡ್ಡ ಎಸ್‌ಯುವಿಯ ಮೇಲ್ಮೆ ಪ್ರಶ್ನಾತೀತ. ಜಿಎಲ್‌ಎಸ್‌ನ ಮೂರು ಲೀಟರ್ ಡೀಸೆಲ್ ಎಂಜಿನ್ 750 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತದೆ. ಆದ್ದರಿಂದ ತುಂಬಿದ ವಾಹನದಲ್ಲಿಯೂ ಲಾರಿಯನ್ನು ಹಿಂದಿಕ್ಕಲು ಎಂಜಿನ್ ಒದ್ದಾಡಬೇಕಾಗಿಲ್ಲ. ಏರ್ ಸಸ್ಪೆನ್ಷನ್ ಗುಂಡಿಗಳ ಏಟನ್ನು ಹೀರಿಕೊಳ್ಳುತ್ತದೆ. ಬೆನ್ನುನೋವಿನ ಹಿರಿಯರನ್ನು ಕರೆದೊಯ್ಯುವ ಕುಟುಂಬಗಳಿಗೆ ಇದು ಆಡಂಬರವಲ್ಲ, ಅಗತ್ಯವೇ ಆಗಬಹುದು.

ಘಟ್ಟದ ರಸ್ತೆಗೂ ಕೆಲವು ಗುಣಗಳು ಉಪಯುಕ್ತ. ಇಳಿಜಾರಿನಲ್ಲಿ ತಾನಾಗಿ ವೇಗವನ್ನು ಹಿಡಿದಿಡುವ ವ್ಯವಸ್ಥೆ, ನಾಲ್ಕೂ ಚಕ್ರಗಳಿಗೆ ಶಕ್ತಿ, ಸುತ್ತಲೂ ತೋರಿಸುವ ಕ್ಯಾಮೆರಾ ಇವುಗಳಲ್ಲಿವೆ. ಲ್ಯಾಂಡ್ ಕ್ರೂಸರ್ ನೆಲದಿಂದ 230 ಮಿ.ಮೀ. ಎತ್ತರದಲ್ಲಿದೆ. ರೇಂಜ್ ರೋವರ್ 900 ಮಿ.ಮೀ. ಆಳದ ನೀರಿನಲ್ಲಿ ಸಾಗಬಲ್ಲದೆಂದು ತಯಾರಕರು ಹೇಳುತ್ತಾರೆ. ಆದರೆ ಈ ಲೆಕ್ಕ ನಿಂತ ನೀರಿಗೆ ಸಂಬಂಧಿಸಿದ್ದು. ಮಳೆಗಾಲದಲ್ಲಿ ರಭಸದಿಂದ ಹರಿಯುವ ಹಳ್ಳ ಅದಕ್ಕಿಂತ ಕಡಿಮೆ ಆಳದಲ್ಲಿಯೇ ಭಾರಿ ವಾಹನವನ್ನೂ ಪಕ್ಕಕ್ಕೆ ತಳ್ಳಬಲ್ಲದು.

ಅಗಲವೇ ಅಡ್ಡಿ

ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದೊಡನೆ ಲೆಕ್ಕ ಬದಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಒಂಟಿ ಪಥದ ರಸ್ತೆಯ ಅಗಲ 3.75 ಮೀ., ಅದಕ್ಕಿಂತ ಮೇಲಿನ ಮಧ್ಯಮ ಪಥದ್ದು 5.5 ಮೀ. ಬಸ್ಸಿನ ಅಗಲ 2.6 ಮೀ. ವರೆಗೆ ಇರಬಹುದು. ಜಿಎಲ್‌ಎಸ್‌ನ ಅಗಲ ಕನ್ನಡಿಗಳನ್ನು ಬಿಟ್ಟು ಸುಮಾರು ಎರಡು ಮೀಟರ್. ಅಂದರೆ 5.5 ಮೀ. ರಸ್ತೆಯಲ್ಲಿ ಬಸ್ಸು ಎದುರಾದರೆ ಉಳಿಯುವ ಜಾಗ 90 ಸೆಂ.ಮೀ. ಮಾತ್ರ. ಕನ್ನಡಿಗಳನ್ನೂ ಲೆಕ್ಕ ಹಿಡಿದರೆ ಅದು ಇನ್ನೂ ಕಡಿಮೆ. ಅದೇ ಜಾಗದಲ್ಲಿ 1.645 ಮೀ. ಅಗಲದ ಮಾರುತಿ ಜಿಮ್ನಿಗೆ ಸುಮಾರು 1.25 ಮೀ. ಉಳಿಯುತ್ತದೆ.

ಒಂಟಿ ಪಥದಲ್ಲಿ ಯಾವ ವಾಹನವಾದರೂ ರಸ್ತೆಯಂಚಿಗೆ ಇಳಿಯಲೇಬೇಕು, ಇಲ್ಲವೇ ಅಗಲವಾದ ಜಾಗ ಸಿಗುವವರೆಗೆ ಹಿಂದಕ್ಕೆ ಹೋಗಬೇಕು. ತಿರುವುಗಳ ದಾರಿಯಲ್ಲಿ ಐದು ಮೀಟರಿಗೂ ಉದ್ದದ ವಾಹನವನ್ನು ರಿವರ್ಸ್ ತೆಗೆದುಕೊಳ್ಳುವುದು ಸಲೀಸಲ್ಲ. ಕಾಡಾನೆಗಳ ಸಂಚಾರವಿರುವ ಈ ತಾಲೂಕುಗಳಲ್ಲಿ ಸಂಜೆಯ ನಂತರ ಇದು ಜೀವದ ಪ್ರಶ್ನೆಯೂ ಆಗಬಹುದು. ಆನೆ ಎದುರಾದಾಗ ಉಪಯೋಗಕ್ಕೆ ಬರುವುದು ಎಂಜಿನ್ನಿನ ಬಲಕ್ಕಿಂತ ಬೇಗ ಹಿಂದೆ ಸರಿಯುವ ಅನುಕೂಲ.

ತೂಕದ ತೊಂದರೆ

ರಸ್ತೆಯಂಚಿಗೆ ಇಳಿದಾಗ ಎದುರಾಗುವುದು ಎರಡನೆಯ ತೊಡಕು. ಸುಮಾರು ಎರಡೂವರೆ ಟನ್ ತೂಗುವ ವಾಹನ ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಬೇಗ ಹೂತುಕೊಳ್ಳುತ್ತದೆ. ಹೆದ್ದಾರಿಗೆಂದು ಅಳವಡಿಸಿದ ತೆಳು ಪಕ್ಕೆಯ ದೊಡ್ಡ ಟೈರುಗಳಿಗೆ ಕೆಸರಿನಲ್ಲಿ ಹಿಡಿತ ಸಾಲದು. ಚೂಪು ಕಲ್ಲಿಗೆ ಅವು ಹರಿಯುವ ಸಂಭವವೂ ಹೆಚ್ಚು. ಹೂತ ವಾಹನವನ್ನು ನಾಲ್ಕು ಜನ ಸೇರಿ ನೂಕಿ ಎತ್ತುವುದು ಸಾಧ್ಯವಿಲ್ಲ, ಟ್ರ್ಯಾಕ್ಟರನ್ನೇ ಕರೆಸಬೇಕು.

ಫೋರ್ ವೀಲ್ ಡ್ರೈವ್ ವಾಹನವನ್ನು ಮುಂದಕ್ಕೆ ಎಳೆಯಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ಒದ್ದೆ ಇಳಿಜಾರಿನಲ್ಲಿ ವಾಹನವನ್ನು ತಡೆಯುವುದು ಬ್ರೇಕ್ ಮತ್ತು ಟೈರುಗಳೇ. ತೂಕ ಹೆಚ್ಚಿದಷ್ಟೂ ಅವುಗಳ ಕೆಲಸ ಹೆಚ್ಚು. ತೋಟದೊಳಗಿನ ಉಬ್ಬುತಗ್ಗಿನ ದಾರಿಗಳಲ್ಲಿ ವೀಲ್‌ಬೇಸ್ ಕೂಡ ಮುಖ್ಯ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಜಿಎಲ್‌ಎಸ್‌ನಲ್ಲಿ 3.13 ಮೀ., ಜಿಮ್ನಿಯಲ್ಲಿ 2.59 ಮೀ. ಅಂತರ ಹೆಚ್ಚಾದಷ್ಟೂ ನಡುವಿನ ಉಬ್ಬು ವಾಹನದ ತಳಕ್ಕೆ ತಗಲುತ್ತದೆ.

ಖರ್ಚಿನ ಬಾಬತ್ತು

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಜಿಎಸ್‌ಟಿ, ಸೆಸ್ ಸೇರಿ ಶೇ. 50ರಷ್ಟಿದ್ದದ್ದು ಶೇ. 40ಕ್ಕೆ ಇಳಿಯಿತು. ಒಂದು ಕೋಟಿ ರೂ. ಮೂಲಬೆಲೆಯ ವಾಹನಕ್ಕೆ ಇದರಿಂದ ಹತ್ತು ಲಕ್ಷ ರೂ. ಉಳಿತಾಯ. ಆದರೆ ಕರ್ನಾಟಕದಲ್ಲಿ 20 ಲಕ್ಷ ರೂ. ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳ ಆಜೀವ ತೆರಿಗೆಯ ದರ ಶೇ. 18. 1.30 ಕೋಟಿ ರೂ.ಗಳ ವಾಹನಕ್ಕೆ ಈ ತೆರಿಗೆಯೇ 23 ಲಕ್ಷ ರೂ. ದಾಟುತ್ತದೆ. ಜಿಮ್ನಿ 2023ರಲ್ಲಿ ಬಿಡುಗಡೆಯಾದಾಗ ಅದರ ಆರಂಭಿಕ ಷೋರೂಂ ಬೆಲೆ 12.74 ಲಕ್ಷ ರೂ. ಇತ್ತು. ಒಂದರ ತೆರಿಗೆಯ ಹಣದಲ್ಲಿ ಇನ್ನೊಂದು ವಾಹನವೇ ಬಂದು, ಮೇಲೆ ಹಣವೂ ಉಳಿಯುತ್ತದೆ.

ದುರಸ್ತಿಯದು ಇನ್ನೊಂದು ಮುಖ. ಹಳೆಯ ಜೀಪು ಕೆಟ್ಟರೆ ಸಕಲೇಶಪುರದ ಗ್ಯಾರೇಜಿನಲ್ಲಿ ಸರಿಪಡಿಸಿಕೊಳ್ಳಬಹುದು. ಏರ್ ಸಸ್ಪೆನ್ಷನ್ನಿನ ದೋಷವಾದರೆ ಮಂಗಳೂರು ಇಲ್ಲವೇ ಬೆಂಗಳೂರಿಗೆ ಲಾರಿಯ ಮೇಲೆ ಸಾಗಿಸುವ ಪ್ರಸಂಗ ಬರಬಹುದು.

ಯಾರಿಗೆ ಸೂಕ್ತ?

ವರ್ಷದ ಬಹುಪಾಲು ದಿನ ಹೆದ್ದಾರಿಯಲ್ಲಿ ಓಡಾಡುವ, ಆರೇಳು ಜನರ ಕುಟುಂಬವುಳ್ಳ, ಖರ್ಚಿಗೆ ಅಂಜದವರಿಗೆ ಐಷಾರಾಮಿ ಎಸ್‌ಯುವಿ ಒಪ್ಪುತ್ತದೆ. ಮಲೆನಾಡಿಗೆ ಬೇಕೆಂಬ ಒಂದೇ ಕಾರಣಕ್ಕೆ ಕೊಳ್ಳುವವರು ಮಾತ್ರ ಮರುಯೋಚಿಸುವುದು ಲೇಸು. ಆ ವಾಹನದ ಬೆಲೆಗೆ ತಕ್ಕ ಸುಖ ದೊರೆಯುವುದು ಸಕಲೇಶಪುರದವರೆಗಿನ ಹೆದ್ದಾರಿಯಲ್ಲಿ. ಅಲ್ಲಿಂದಾಚೆಗೆ ಚಿಕ್ಕ ವಾಹನವೇ ಅನುಕೂಲ.

ದೊಡ್ಡ ವಾಹನದಲ್ಲಿಯೇ ಬರುವವರು ಹಗಲಿನಲ್ಲಿ ಪ್ರಯಾಣ ಮುಗಿಸುವುದು, ಕಡಿಮೆ ಗೇರಿನಲ್ಲಿ ಇಳಿಯುವುದು, ಏರುವ ವಾಹನಕ್ಕೆ ಮೊದಲು ದಾರಿ ಬಿಡುವುದು ಒಳ್ಳೆಯದು. ಉಳಿದುಕೊಳ್ಳುವ ಹೋಂಸ್ಟೇಯವರನ್ನು ಮುಂಚಿತವಾಗಿ ವಿಚಾರಿಸಿ, ಕೊನೆಯ ಮಣ್ಣುದಾರಿಗೆ ಅವರ ಜೀಪನ್ನೇ ಆಶ್ರಯಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಹಣಕ್ಕಿಂತಲೂ ರಸ್ತೆಗೆ ಹೆಚ್ಚು ಅನ್ವಯಿಸುತ್ತದೆ.