ಗುಲಗಂಜಿ ತೂಕ

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ಗುಡಿ ಮುಂದಿನ ಮೆಟ್ಟಿಲು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಕಾಲ್ತೊಳೆದು ಬಂದ ಕಪಿಲೆ ಇಲ್ಲಿ ಕಾವೇರಿಯ ಪಾಲಾಗುತ್ತಾಳೆ. ಮೈಸೂರಿನ ಆಸ್ಪತ್ರೆಗೆ ಹೋಗುವ ಮುಂಚೆ ಕೈಮುಗಿಸಲು ಮಗ ಕರೆತಂದ ಅಜ್ಜಿ ಎರಡನೇ ಬಾಟ್ಲಿ ನೀರು ಮುಗಿಸುತ್ತಿದ್ದಾರೆ. "ಎಷ್ಟ್ ಕುಡುದ್ರೂ ದಾವ ತೀರಾಕಿಲ್ಲ ಕನ್ ಮಗ." ಐದು ನಿಮಿಷಕ್ಕೆ ಅದೇ ಮಾತು, ಈಗಷ್ಟೇ ಹೊಳೆದಂತೆ. ದವಡೆಯ ಕೆಳಗೆ ಹತ್ತಿ ಅಂಟಿಸಿದ ಗಂಟು. ಮಡಿಲಲ್ಲಿ ಎಲೆಅಡಿಕೆ ಚೀಲ. ಹೊಗೆಸೊಪ್ಪಿನ ವಾಸನೆ ಉಳಿದಿದೆ, ಸೊಪ್ಪಿಲ್ಲ.

"ಸುಣ್ಣ ತಿಂದೂ ತಿಂದೂ ರಕ್ತಕ್ಕೆ ಸುಣ್ಣ ಹೊಕ್ಬುಟ್ಟದೆ ಸಾ," ಎಂದ ಮಗ, ರಿಪೋರ್ಟು ಬಿಚ್ಚುತ್ತ.

ಅರ್ಧ ಸರಿ. ಏರಿರುವುದು ಸುಣ್ಣದಂಶವೇ, ಕ್ಯಾಲ್ಸಿಯಂ: ಹತ್ತರ ಆಸುಪಾಸಿನಲ್ಲಿ ಇರಬೇಕಾದ್ದು ಹದಿನಾಲ್ಕು. ಆದರೆ ಅದು ಬಂದದ್ದು ಸುಣ್ಣದ ಡಬ್ಬಿಯಿಂದಲ್ಲ, ಅಜ್ಜಿಯ ಮೂಳೆಯಿಂದ. ಈ ಲೆಕ್ಕ ನೋಡಿಕೊಳ್ಳಲು ಥೈರಾಯ್ಡಿನ ಬೆನ್ನಿಗೆ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಗಂಟು ಅವುಗಳದೇ ದನಿಯಲ್ಲಿ ಕೂಗುತ್ತಿದೆ: ಮೂಳೆ ಕರಗಲಿ, ಕರಗಿದ್ದು ಮೂತ್ರದಲ್ಲಿ ಹೋಗದಿರಲಿ. ಅಸಲಿ ಗ್ರಂಥಿಗಳು ಬಾಯಿ ಮುಚ್ಚಿ ಕೂತಿವೆ. ಕ್ಯಾನ್ಸರ್ ಗಡ್ಡೆ ಹೀಗೆ ಮಾಡೀತೆಂದು ಫುಲರ್ ಆಲ್‌ಬ್ರೈಟ್ ಎಂಬ ಅಮೆರಿಕದ ವೈದ್ಯರು 1941ರಲ್ಲೇ ಶಂಕಿಸಿದ್ದರು. ಆ ಹಾರ್ಮೋನು, ಪಿಟಿಎಚ್‌ಆರ್‌ಪಿ, ಕೈಗೆ ಸಿಕ್ಕಿದ್ದು 1987ರಲ್ಲಿ. ಅದೇನು ಹುಟ್ಟಾ ಕೇಡಿಯಲ್ಲ. ಬಾಣಂತಿಯ ಎದೆಯಲ್ಲೂ ಊರುತ್ತದೆ, ತಾಯಿಯ ಮೂಳೆಯ ಸುಣ್ಣವನ್ನು ಹಾಲಿಗೆ ಹರಿಸಲು. ಪಕ್ಕದಲ್ಲಿ ರಿಪೋರ್ಟು ಹಿಡಿದು ಕೂತವನೂ ಆ ಹಾಲು ಕುಡಿದವನೇ.

ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಎಂದು ಈ ಕ್ಷೇತ್ರದ ಹೆಮ್ಮೆ. ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ. ಮೈಯಲ್ಲಿ ಒಂದು ಕೆ.ಜಿ.ಯಷ್ಟು ಕ್ಯಾಲ್ಸಿಯಂ ಇದೆ, ನೂರಕ್ಕೆ 99 ಪಾಲು ಮೂಳೆಯಲ್ಲೇ. ರಕ್ತದ ತಿಳಿ ಮೂರು ಲೀಟರೆಂದು ಹಿಡಿದರೆ ಅದರಲ್ಲಿರುವುದು ಎರಡೂವರೆ ಗುಲಗಂಜಿ. ಹತ್ತು ಹದಿನಾಲ್ಕಾಗಲು ಇನ್ನೊಂದು ಸೇರಿದರೆ ಸಾಕು. ಅಷ್ಟಕ್ಕೇ ಕಿಡ್ನಿ ನೀರು ಹಿಡಿದಿಡಲಾರದೆ ಸೋರುತ್ತದೆ, ಗಂಟಲು ಒಣಗುತ್ತದೆ, ಮಲ ಕಟ್ಟುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಬಿಸಿಲಿಗೆ ದಾಹ, ವಯಸ್ಸಿಗೆ ಮರೆವು ಎಂದು ಮನೆಯವರು ಸುಮ್ಮನಿದ್ದರೆ ಅವರನ್ನು ದೂರುವುದು ಹೇಗೆ?

ಸಲೈನ್ ಡ್ರಿಪ್ ಏರಿಸಿ, ಮೂಳೆ ಕರಗುವುದನ್ನು ತಡೆಯುವ ಜೊಲೆಡ್ರೊನಿಕ್ ಆಸಿಡ್ ಕೊಟ್ಟರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಗಂಟು ಹಾಗೇ ಇದ್ದರೆ ಮತ್ತೆ ಏರುತ್ತದೆ.

ಬಸ್ಸಿನ ಹೊತ್ತಾಯಿತು. ಅಜ್ಜಿ ಸಂಗಮದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಇದ್ಯಾವೂರ್ ಮಗ?"

ಮಗ ಬಾಟ್ಲಿಗೆ ಮುಚ್ಚಳ ತಿರುಗಿಸುತ್ತಲೇ ಇದ್ದ.