ಬೈಕ್‌ನಲ್ಲಿ ವಿದೇಶ ಸುತ್ತಿ ಬಂದ ಮೇಲೆ: ಮನೆಗೆ ಮರಳೋದೂ ಒಂದು ಕೆಲಸ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗಾಗಿ ಪಾಡ್‌ಕಾಸ್ಟ್‌ನ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಹಿಂದಿನ ಸಂಚಿಕೆಗಳಲ್ಲಿ ನನ್ನ ಬೈಕ್ ಪ್ರಯಾಣದ ಬಗ್ಗೆ ಹೇಳಿದ್ದೆ. ಮುಂಬೈನಿಂದ ಬೈಕನ್ನು ಹಡಗಿನಲ್ಲಿ ದುಬೈಗೆ ಕಳಿಸಿ, ಅಲ್ಲಿಂದ ಇರಾನ್, ಟರ್ಕಿ, ಬಾಲ್ಕನ್ ದೇಶಗಳು, ಜರ್ಮನಿ ದಾಟಿ ಇಂಗ್ಲೆಂಡ್‌ವರೆಗೆ ಹೋಗಿದ್ದು, ಒಟ್ಟು ಹನ್ನೊಂದು ತಿಂಗಳು. ಅದನ್ನು ಕೇಳಿದ ಮೇಲೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊರಡೋದರ ಬಗ್ಗೆಯೇ ಇದ್ದವು. ಯಾವ ಬೈಕ್ ತಗೋಬೇಕು, ವೀಸಾ ಹೇಗೆ, ಎಷ್ಟು ಖರ್ಚು, ಇಂಥವು. ಧಾರವಾಡದ ಕೇಳುಗರೊಬ್ಬರು ಮಾತ್ರ ಬೇರೆಯದೇ ಕೇಳಿದ್ರು: "ಮೇಡಂ, ವಾಪಸ್ ಬಂದ ಮ್ಯಾಲೆ ಏನ್ ಮಾಡಿದ್ರಿ?"

ಇವತ್ತು ಅದರ ಬಗ್ಗೆ ಮಾತಾಡೋಣ. ಹೊರಡೋದಕ್ಕೆ ಜನ ವರ್ಷಗಟ್ಟಲೆ ತಯಾರಿ ಮಾಡ್ಕೊಳ್ತಾರೆ. ಮರಳೋದಕ್ಕೆ ಏನು ತಯಾರಿ, ನಮ್ಮ ಮನೆಯೇ ತಾನೇ ಅನ್ನಿಸುತ್ತೆ. ಆದ್ರೆ ಮರಳೋದಕ್ಕೂ ಕಾಗದಪತ್ರ ಬೇಕು, ದುಡ್ಡು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಒಂದೊಂದಾಗಿ ಹೇಳ್ತೀನಿ.

ಮೊದಲು ಬೈಕ್ ಬರಬೇಕು

ನಮ್ಮ ದೇಶದ ಬೈಕ್ ಹೊರಗೆ ಹೋಗಿ ಬರೋದಕ್ಕೆ ಬಳಸುವ ಮುಖ್ಯ ಕಾಗದ ಕಾರ್ನೆಟ್. ಬೈಕಿನ ಪಾಸ್‌ಪೋರ್ಟ್ ಅಂದ್ಕೊಳ್ಳಿ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಂಥ ಸಂಸ್ಥೆ ಇದನ್ನು ಕೊಡುತ್ತೆ. ಕೊಡುವ ಮೊದಲು ನಮ್ಮಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ತಗೊಳ್ಳುತ್ತೆ. "ಈ ಬೈಕನ್ನು ನಿಮ್ಮ ದೇಶದಲ್ಲಿ ಮಾರಲ್ಲ, ವಾಪಸ್ ತಗೊಂಡು ಹೋಗ್ತೀವಿ" ಅಂತ ಕೊಡುವ ಭರವಸೆ ಅದು.

ಕಾರ್ನೆಟ್‌ನ ಪ್ರತಿ ಹಾಳೆಯಲ್ಲೂ ಮೂರು ಭಾಗ ಇರುತ್ತೆ. ದೇಶದೊಳಗೆ ಹೋಗುವಾಗ ಕಸ್ಟಮ್ಸ್‌ನವರು ಒಂದು ಭಾಗ ಹರಿದುಕೊಳ್ತಾರೆ, ಹೊರಗೆ ಬರುವಾಗ ಇನ್ನೊಂದು. ಮೂರನೆಯದು ಎರಡೂ ಮುದ್ರೆಗಳ ಜೊತೆ ನಮ್ಮ ಪುಸ್ತಕದಲ್ಲೇ ಉಳಿಯುತ್ತೆ. ಯಾವುದಾದರೂ ದೇಶದ್ದು ಒಳಬಂದ ಮುದ್ರೆ ಇದ್ದು ಹೊರಹೋದ ಮುದ್ರೆ ಇಲ್ಲ ಅಂದ್ರೆ, ಬೈಕ್ ಅಲ್ಲೇ ಉಳಿದಿದೆ ಅಂತ ಲೆಕ್ಕ. ಆಗ ಆ ದೇಶ ಪೂರ್ತಿ ಆಮದು ಸುಂಕ ಕೇಳಬಹುದು. ಹಾಗಾಗಿ ಪ್ರತಿ ಗಡಿಯಲ್ಲೂ ಎರಡೂ ಮುದ್ರೆ ನೋಡ್ಕೊಳ್ಳಿ, ಒಂದು ಫೋಟೊ ತೆಗೆದಿಟ್ಕೊಳ್ಳಿ. ಕಾರ್ನೆಟ್‌ಗೆ ಒಂದು ವರ್ಷದ ಅವಧಿ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್‌ಗೂ ಅಷ್ಟೇ. ಪ್ರಯಾಣದ ಉದ್ದ ಎಷ್ಟಿರಬೇಕು ಅನ್ನೋದನ್ನ ಬಹಳ ಸಲ ಈ ಎರಡು ತಾರೀಖುಗಳೇ ತೀರ್ಮಾನ ಮಾಡ್ತವೆ.

ಬೈಕನ್ನು ವಿಮಾನದಲ್ಲಿ ಕಳಿಸಿದ್ರೆ ಬೇಗ ಬರುತ್ತೆ, ಖರ್ಚು ಜಾಸ್ತಿ. ವಿಮಾನದವರ ಲೆಕ್ಕದಲ್ಲಿ ಬೈಕ್ ಅಪಾಯಕಾರಿ ಸರಕು. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಇರಬೇಕು, ಬ್ಯಾಟರಿ ಕಳಚಿರಬೇಕು. ನಾನು ಹಡಗಿನಲ್ಲಿ ಚೆನ್ನೈಗೆ ಕಳಿಸಿದೆ. ಅದಕ್ಕೆ ಮರದ ಪೆಟ್ಟಿಗೆ ಬೇಕು, ಮರ ಹುಳುಹುಪ್ಪಟೆ ಬರದಂತೆ ಸಂಸ್ಕರಿಸಿದ್ದು ಅನ್ನೋ ಐಎಸ್‌ಪಿಎಂ 15 ಗುರುತು ಪೆಟ್ಟಿಗೆ ಮೇಲಿರಬೇಕು. ನಮ್ಮ ಬಂದರಿನಲ್ಲಿ ಅದನ್ನು ನೋಡ್ತಾರೆ.

ಬಂದರಿಗೆ ಬಂದ ತಕ್ಷಣ ಬೈಕ್ ಕೈಗೆ ಸಿಗಲ್ಲ. ಬೇರೆಯವರ ಸಾಮಾನಿನ ಜೊತೆ ಒಂದೇ ಕಂಟೇನರ್‌ನಲ್ಲಿ ಬಂದಿದ್ರೆ ಮೊದಲು ಅದನ್ನು ಬಿಚ್ಚಬೇಕು. ಆಮೇಲೆ ಕಸ್ಟಮ್ಸ್ ಅಧಿಕಾರಿ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಮತ್ತು ಕಾರ್ನೆಟ್ ಜೊತೆ ತಾಳೆ ನೋಡ್ತಾರೆ. ಕ್ಲಿಯರಿಂಗ್ ಏಜೆಂಟ್ ಇಲ್ಲದೆ ಇದನ್ನೆಲ್ಲ ಮಾಡೋದು ಕಷ್ಟ. ಮೊದಲ ಕೆಲವು ದಿನ ಬಿಟ್ಟರೆ, ಬೈಕ್ ಅಲ್ಲಿರುವ ಪ್ರತಿ ದಿನಕ್ಕೂ ಬಾಡಿಗೆ ಏರುತ್ತೆ. ನನಗೆ ಒಂಬತ್ತು ದಿನ ಹಿಡೀತು. ಆ ಒಂಬತ್ತು ದಿನದ ಊಟ, ರೂಮು ಖರ್ಚು ಕೂಡ ಪ್ರಯಾಣದ ಖರ್ಚೇ.

ಎಲ್ಲ ಮುಗಿದ ಮೇಲೆ ಕಾರ್ನೆಟ್ ಪುಸ್ತಕವನ್ನು ಕೊಟ್ಟ ಸಂಸ್ಥೆಗೇ ವಾಪಸ್ ಕೊಡಬೇಕು. ಅವರು ಪ್ರತಿ ಹಾಳೆ ನೋಡಿ, ಬೈಕ್ ಭಾರತದಲ್ಲಿದೆ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಠೇವಣಿ ಬಿಡ್ತಾರೆ. ಆ ದುಡ್ಡು ಕೈಗೆ ಬರೋ ತನಕ ಪ್ರಯಾಣದ ಲೆಕ್ಕ ಮುಗಿದಿಲ್ಲ ಅಂತಲೇ ಅಂದ್ಕೊಳ್ಳಿ.

ಊರಿನ ಕಾಗದಗಳು

ನಾವು ಹೊರಗಿದ್ದಾಗ ಇಲ್ಲಿನ ತಾರೀಖುಗಳು ನಮಗಾಗಿ ಕಾಯಲ್ಲ. ಇನ್ಶೂರೆನ್ಸ್ ಮುಗಿದು 90 ದಿನದೊಳಗೆ ನವೀಕರಿಸದೇ ಇದ್ರೆ ವರ್ಷಗಳಿಂದ ಗಳಿಸಿದ ನೋ ಕ್ಲೇಮ್ ಬೋನಸ್ ಹೋಗುತ್ತೆ. ಡಿಎಲ್ ಅವಧಿ ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಎಮಿಷನ್ ಸರ್ಟಿಫಿಕೇಟ್ ಅಂತೂ ಮುಗಿದೇ ಇರುತ್ತೆ.

ನನ್ನ ಬೈಕಿನ ಇನ್ಶೂರೆನ್ಸನ್ನು ಅಕ್ಕ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಕಟ್ಟಿದ್ದಳು. ಏಜೆಂಟ್ ಕಡೆ ಹುಡುಗ ಎರಡು ಲೀಟರ್ ಪೆಟ್ರೋಲ್ ತಂದುಕೊಟ್ಟ, ಹತ್ತಿರದ ಬಂಕ್‌ನಲ್ಲಿ ಎಮಿಷನ್ ಟೆಸ್ಟ್ ಆಯ್ತು, ಬೈಕ್ ರಸ್ತೆಗಿಳೀತು. ಇನ್ಶೂರೆನ್ಸ್ ಇಲ್ಲದೇ ಇದ್ದಿದ್ರೆ ಚೆನ್ನೈನಿಂದ ಮೈಸೂರಿಗೆ ಲಾರಿಯಲ್ಲಿ ಹಾಕಿ ಕಳಿಸಬೇಕಿತ್ತು. ಹೊರಡೋ ಮುಂಚೆಯೇ ಮನೆಯಲ್ಲಿ ಒಬ್ಬರ ಹತ್ತಿರ ಎಲ್ಲ ಕಾಗದಗಳ ನಕಲು, ತಾರೀಖುಗಳ ಪಟ್ಟಿ ಕೊಟ್ಟು ಹೋಗಿ.

ಇನ್ನೊಂದು ಮಾತು, ರಸ್ತೆ ಬಗ್ಗೆ. ದುಬೈನಿಂದ ಜರ್ಮನಿವರೆಗೂ ಗಾಡಿ ಓಡಿಸೋದು ಬಲಗಡೆ, ಇಂಗ್ಲೆಂಡ್ ಮತ್ತು ನಮ್ಮಲ್ಲಿ ಎಡಗಡೆ. ಟ್ರಾಫಿಕ್ ಇದ್ದಾಗ ತೊಂದರೆ ಇಲ್ಲ, ಮುಂದಿನ ಗಾಡಿ ನೋಡ್ಕೊಂಡು ಹೋಗ್ತೀವಿ. ಅಪಾಯ ಇರೋದು ಬೆಳಗಿನ ಜಾವ ಖಾಲಿ ರಸ್ತೆಗೆ ಬಂಕ್‌ನಿಂದ ಹೊರಬರುವಾಗ. ನಾನು ಟ್ಯಾಂಕ್ ಮೇಲೆ ಎಡಕ್ಕೆ ಬಾಣ ಬರೆದ ಚೀಟಿ ಒಂದು ತಿಂಗಳು ಅಂಟಿಸಿಕೊಂಡೇ ಇದ್ದೆ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ, ಎದುರಿಗೆ ಯಾರೂ ಬರದ ಹೆದ್ದಾರಿಗಳು ನಮಗೆ ಅಭ್ಯಾಸ ಆಗಿಬಿಟ್ಟಿರುತ್ತೆ. ಇಲ್ಲಿ ಡಿವೈಡರ್ ಪಕ್ಕದಲ್ಲೇ ಎದುರಿನಿಂದ ಟ್ರ್ಯಾಕ್ಟರ್ ಬರುತ್ತೆ. ಮೊದಲ ವಾರ ರಾತ್ರಿ ಓಡಿಸಬೇಡಿ.

ಅಂದಹಾಗೆ, 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕ್‌ಗಳಿಗೆ ಪ್ರವೇಶ ಇಲ್ಲ. ಆಟೋಬಾನ್ ಮೇಲೆ ಓಡಿದ ಬೈಕ್ ಮಂಡ್ಯದ ಸರ್ವಿಸ್ ರಸ್ತೆಯಲ್ಲಿ ಹಂಪ್ ಹಾರಿಕೊಂಡು ಮನೆಗೆ ಬಂತು.

ಮನಸ್ಸು ಯಾಕೆ ತಡವಾಗಿ ಬರುತ್ತೆ?

ಬೈಕ್ ಬಂತು. ಮೊದಲ ಎರಡು ವಾರ ಹಬ್ಬದ ಹಾಗೆ. ಅಮ್ಮ ದಿನಾ ಒಂದೊಂದು ತಿಂಡಿ ಮಾಡ್ತಾರೆ, ನೆಂಟರು ಬರ್ತಾರೆ. ಮೂರನೇ ವಾರದಿಂದ ಬೇರೆ ಥರ. ಬೆಳಗ್ಗೆ ಎದ್ದರೆ ಎಲ್ಲಿಗೂ ಹೋಗಬೇಕಿಲ್ಲ. ಸಣ್ಣ ವಿಷಯಕ್ಕೆ ಸಿಟ್ಟು, ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತೆ.

ಇದು ನನ್ನೊಬ್ಬಳ ಕಥೆ ಅಲ್ಲ, ಇದರ ಬಗ್ಗೆ ಅಧ್ಯಯನಗಳೇ ಆಗಿವೆ. 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗಾರ್ಡ್, ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯ ಫುಲ್‌ಬ್ರೈಟ್ ವಿದ್ವಾಂಸರ ಬಗ್ಗೆ ಬರೆದರು. ಹೊಸ ದೇಶದಲ್ಲಿ ಮೊದಲು ಉತ್ಸಾಹ, ನಡುವೆ ಕುಸಿತ, ಆಮೇಲೆ ಹೊಂದಿಕೆ. ಗೆರೆ ಎಳೆದರೆ ಇಂಗ್ಲಿಷಿನ ಯು ಅಕ್ಷರದ ಹಾಗೆ. 1963ರಲ್ಲಿ ಗಲ್ಲಾಹಾರ್ನ್ ದಂಪತಿ ಅದಕ್ಕೆ ಇನ್ನೊಂದು ಭಾಗ ಸೇರಿಸಿದರು. ಊರಿಗೆ ಮರಳಿದ ಮೇಲೂ ಇದೇ ಏರಿಳಿತ ಮತ್ತೊಮ್ಮೆ ಆಗುತ್ತೆ, ಹಾಗಾಗಿ ಅದು ಯು ಅಲ್ಲ, ಡಬ್ಲ್ಯು ಅಂದರು. ಪ್ರತಿಯೊಬ್ಬರಿಗೂ ಲೆಕ್ಕ ಹಾಕಿದ ಹಾಗೆ ಇದೇ ಆಗಬೇಕು ಅಂತಿಲ್ಲ. ಆದ್ರೆ ಎರಡನೇ ಕುಸಿತ ಒಂದು ಇರಬಹುದು ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಮ್ಮಿ.

ಬೈಕ್ ಪ್ರಯಾಣದಲ್ಲಿ ಇದು ಯಾಕೆ ಜೋರು ಅಂತ ನನಗನ್ನಿಸೋದು ಹೇಳ್ತೀನಿ. ದಾರಿಯಲ್ಲಿ ದಿನದ ಪ್ರಶ್ನೆ ಮೂರೇ: ಪೆಟ್ರೋಲ್ ಎಲ್ಲಿ, ಊಟ ಎಲ್ಲಿ, ರಾತ್ರಿ ಎಲ್ಲಿ? ಸಂಜೆಯಷ್ಟರಲ್ಲಿ ಮೂರಕ್ಕೂ ಉತ್ತರ ಸಿಕ್ಕಿರುತ್ತೆ. ಮನೆಯಲ್ಲಿ ಇವು ಮೂರೂ ಪ್ರಶ್ನೆಗಳೇ ಅಲ್ಲ. ಇಲ್ಲಿನ ಪ್ರಶ್ನೆಗಳು ಕೆಲಸ, ಸಾಲ, ಮದುವೆ, ಅಪ್ಪ ಅಮ್ಮನ ಆರೋಗ್ಯ. ಯಾವುದಕ್ಕೂ ಸಂಜೆಯೊಳಗೆ ಉತ್ತರ ಸಿಗಲ್ಲ.

ಜೊತೆಗೆ, ನಮ್ಮ ಕಥೆ ಕೇಳೋರು ಕಮ್ಮಿ. ಎಷ್ಟು ಖರ್ಚಾಯ್ತು, ಊಟಕ್ಕೇನ್ ಮಾಡ್ದೆ, ಭಯ ಆಗ್ಲಿಲ್ವಾ ಅಂತ ಕೇಳ್ತಾರೆ. ಆಮೇಲೆ, "ಸಾಕಾಯ್ತಲ್ಲ ತಿರುಗಾಟ, ಇನ್ನಾದ್ರೂ ಸೆಟಲ್ ಆಗಮ್ಮ." ಅಲ್ಲಿಗೆ ಹನ್ನೊಂದು ತಿಂಗಳು ಮುಗೀತು.

ಎಲ್ಸ್‌ಪೆತ್ ಬಿಯರ್ಡ್ ಅಂತ ಒಬ್ಬರಿದ್ದಾರೆ. ಲಂಡನ್‌ನಲ್ಲಿ ಆರ್ಕಿಟೆಕ್ಚರ್ ಓದ್ತಾ ಇದ್ದ ಹುಡುಗಿ, 1982ರಲ್ಲಿ ಹಳೇ ಬಿಎಂಡಬ್ಲ್ಯು ಬೈಕ್ ಹತ್ತಿ ಹೊರಟು ಅಮೆರಿಕ, ಆಸ್ಟ್ರೇಲಿಯ, ನಮ್ಮ ಭಾರತ, ನೇಪಾಳ ಎಲ್ಲ ಸುತ್ತಿ 1984ರಲ್ಲಿ ವಾಪಸ್ ಹೋದ್ರು. ಬೈಕ್‌ನಲ್ಲಿ ಜಗತ್ತು ಸುತ್ತಿದ ಮೊದಲ ಬ್ರಿಟಿಷ್ ಮಹಿಳೆ ಅಂತ ಈಗ ಅವರನ್ನು ಕರೀತಾರೆ. ಆದ್ರೆ ಆಗ ಊರಲ್ಲಿ ಯಾರಿಗೂ ಅಂಥ ಕುತೂಹಲ ಇರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ಓದು ಮುಗಿಸಿದರು, ಆರ್ಕಿಟೆಕ್ಟ್ ಆದರು, ಪಾಳುಬಿದ್ದಿದ್ದ ಹಳೆಯ ನೀರಿನ ಗೋಪುರವೊಂದನ್ನು ವಾಸದ ಮನೆಯಾಗಿ ಮಾಡಿದರು. ಪ್ರಯಾಣದ ಪುಸ್ತಕ ಬಂದಿದ್ದು 2017ರಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಆದ ಮೇಲೆ! ಟೆಡ್ ಸೈಮನ್ ಕೂಡ 1973ರಿಂದ ನಾಲ್ಕು ವರ್ಷ ಟ್ರಯಂಫ್ ಬೈಕ್‌ನಲ್ಲಿ ಜಗತ್ತು ಸುತ್ತಿದವರು. ಅವರ ಹೆಸರುವಾಸಿ ಪುಸ್ತಕ ಬಂದಿದ್ದು 1979ರಲ್ಲಿ. ಅಂದ್ರೆ, ಕಥೆ ಕೇಳೋರು ಇವತ್ತೇ ಸಿಗಬೇಕು ಅಂತಿಲ್ಲ. ಸದ್ಯಕ್ಕೆ ಬರೆದಿಟ್ಕೊಳ್ಳಿ.

ಮನೆಯಲ್ಲೂ ಒಂದು ವರ್ಷ ಕಳೆದಿರುತ್ತೆ

ಇದು ಇವತ್ತಿನ ಮುಖ್ಯ ಮಾತು. ನಾವು ಹೋದಾಗ ಮನೆ ಅಲ್ಲೇ ನಿಂತಿರಲ್ಲ.

ಬಂದ ಎರಡನೇ ದಿನ ಅಡುಗೆಮನೆ ಶೆಲ್ಫ್ ಮೇಲೆ ವಾರದ ಏಳು ದಿನಕ್ಕೂ ಖಾನೆ ಇರುವ ಮಾತ್ರೆ ಡಬ್ಬಿ ನೋಡಿದೆ. ಯಾರದು ಅಂತ ಕೇಳಿದೆ. ಅಮ್ಮ ಅಕ್ಕನ ಮುಖ ನೋಡಿದ್ರು. ನಾನು ಟರ್ಕಿಯ ಎರ್ಜುರುಮ್‌ನಲ್ಲಿದ್ದಾಗ ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ್ದರು. ಆ ವಾರ ವಿಡಿಯೊ ಕಾಲ್‌ನಲ್ಲಿ ಅಪ್ಪ ನೆಟ್ಟಗೆ ಕೂತು ಮಾತಾಡಿದ್ದು ನನಗೆ ನೆನಪಿದೆ. ಹಿಮ ಇದೆಯಾ ಅಂತ ಕೇಳಿದ್ರು.

"ಹೇಳಿದ್ರೆ ಅರ್ಧಕ್ಕೇ ಬಿಟ್ಟು ಬಂದ್ಬಿಡ್ತಿದ್ದೆ ಕಣೇ. ಅದಕ್ಕೇ ಹೇಳ್ಲಿಲ್ಲ," ಅಂದಳು ಅಕ್ಕ. ಆಸ್ಪತ್ರೆ ರಾತ್ರಿಗಳು, ಬಿಲ್ಲು, ಅಮ್ಮನನ್ನು ಸಮಾಧಾನ ಮಾಡೋದು, ತನ್ನ ಕೆಲಸ, ಎಲ್ಲ ಅವಳೇ ನೋಡ್ಕೊಂಡಿದ್ದಳು. ನನ್ನ ಇನ್ಶೂರೆನ್ಸ್ ಕಟ್ಟಿದ್ದೂ ಅದೇ ತಿಂಗಳು.

ನನಗೆ ಸಿಟ್ಟು, ದುಃಖ ಎರಡೂ ಬಂತು. ಆದ್ರೆ ಯೋಚನೆ ಮಾಡ್ತಾ ಹೋದಾಗ ಒಂದು ವಿಷಯ ಸ್ಪಷ್ಟ ಆಯ್ತು. ನನ್ನ ಕಥೆ ಯಾರೂ ಕೇಳ್ತಿಲ್ಲ ಅಂತ ನಾನು ಅಂದ್ಕೊಳ್ತಾ ಇರುವಾಗ, ಅದೇ ಮನೆಯಲ್ಲಿ ಅಕ್ಕನ ಕಥೆಯನ್ನೂ ಯಾರೂ ಕೇಳಿರಲಿಲ್ಲ. ನನ್ನದಕ್ಕೆ ಫೋಟೊ ಇದೆ, ಪಾಸ್‌ಪೋರ್ಟ್‌ನಲ್ಲಿ ಮುದ್ರೆ ಇದೆ. ಅವಳದ್ದಕ್ಕೆ ಡಿಸ್ಚಾರ್ಜ್ ಸಮರಿ ಬಿಟ್ಟರೆ ಏನೂ ಇಲ್ಲ.

ಹಾಗಾಗಿ ಮರಳಿ ಬರೋರಿಗೆ ನಾನು ಹೇಳೋದು ಇಷ್ಟು. ಮೊದಲ ತಿಂಗಳು ನೀವು ಹೇಳೋದಕ್ಕಿಂತ ಕೇಳೋದು ಜಾಸ್ತಿ ಮಾಡಿ. "ನಾನಿಲ್ಲದಾಗ ಏನೇನಾಯ್ತು?" ಅಂತ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿ. ಎರಡನೆಯದು, ಮನೆಯ ಒಂದು ಕೆಲಸವನ್ನು ಪೂರ್ತಿಯಾಗಿ ತಗೊಳ್ಳಿ. ಸಹಾಯ ಮಾಡ್ತೀನಿ ಅನ್ನೋದು ಬೇರೆ, ಇದು ಇನ್ನು ನಂದು ಅನ್ನೋದು ಬೇರೆ. ನಾನು ಅಪ್ಪನ ಮಾತ್ರೆ, ಚೆಕಪ್ ತಗೊಂಡೆ. ಅಕ್ಕ ಒಂದಿನ, "ನಾನೂ ನಾಲ್ಕು ದಿನ ಮಡಿಕೇರಿಗಾದ್ರೂ ಹೋಗಿಬರ್ತೀನಿ ಕಣೇ," ಅಂದಳು. ಹೋದಳು. ಫೋನ್ ಮಾಡ್ಬೇಡ ಅಂತ ನಾವೇ ಹೇಳಿ ಕಳಿಸಿದ್ವಿ. ಆದ್ರೂ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತಿದ್ದಳು, ಅಪ್ಪ ಮಾತ್ರೆ ತಗೊಂಡ್ರಾ ಅಂತ.

ಕೆಲಸ, ದುಡ್ಡು, ತೆರಿಗೆ

ಪ್ರಯಾಣದ ಬಜೆಟ್ ಮಾಡುವಾಗ ಕೊನೆಯಲ್ಲಿ ಇನ್ನೊಂದು ಸಾಲು ಬರೀರಿ: ವಾಪಸ್ ಬಂದ ಮೇಲಿನ ಆರು ತಿಂಗಳ ಖರ್ಚು. ಆರು ಆಗದಿದ್ರೆ ಮೂರಾದ್ರೂ ಇರಲಿ. ಬಂದ ಮಾರನೇ ದಿನವೇ ಸಿಕ್ಕಿದ ಕೆಲಸಕ್ಕೆ ಸೇರೋ ಒತ್ತಡ ಇದ್ರೆ ಉಳಿದ ಯಾವುದಕ್ಕೂ ಸಮಯ ಸಿಗಲ್ಲ. ಸಂದರ್ಶನದಲ್ಲಿ ಈ ಒಂದು ವರ್ಷದ ಬಗ್ಗೆ ಕೇಳೇ ಕೇಳ್ತಾರೆ. ಸಾಹಸದ ಮಾತು ಬಿಟ್ಟು, ಗಡಿ ಕಾಗದಗಳು, ಖರ್ಚಿನ ಲೆಕ್ಕ, ಭಾಷೆ ಬಾರದ ಕಡೆ ಕೆಲಸ ಮಾಡಿಸಿಕೊಂಡಿದ್ದು, ಇವನ್ನು ಹೇಳಿ.

ತೆರಿಗೆ ವಿಷಯ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಅಷ್ಟಿಲ್ಲದಿದ್ರೂ, ಆ ವರ್ಷ 60 ದಿನ ಮತ್ತು ಅದರ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೆ ಆಗಲೂ ನಿವಾಸಿಯೇ. ಸುತ್ತಾಡೋದಕ್ಕೆ ಅಂತ ಹೋದವರು ಬಹಳ ಸಲ ಈ ಎರಡನೇ ಲೆಕ್ಕಕ್ಕೆ ಬರ್ತಾರೆ. ಹೊರಗೆ ಬ್ಯಾಂಕ್ ಖಾತೆ ತೆರೆದಿದ್ರೆ ರಿಟರ್ನ್ಸ್‌ನಲ್ಲಿ ತೋರಿಸಬೇಕಾಗುತ್ತೆ, ನಿಮ್ಮ ಆಡಿಟರನ್ನು ಕೇಳಿ.

ಹಾಗೇ ಕಿವಿ ಒಮ್ಮೆ ತೋರಿಸ್ಕೊಳ್ಳಿ. ಹೆಲ್ಮೆಟ್ ಒಳಗಿನ ಗಾಳಿಯ ಸದ್ದು ತಿಂಗಳುಗಟ್ಟಲೆ ಬಿದ್ದರೆ ಕಿವಿಗೆ ಹಾನಿ ಆಗಬಹುದು.

ಕೊನೆಯದಾಗಿ, ಮೊದಲ ಆರು ತಿಂಗಳಲ್ಲಿ ದೊಡ್ಡ ತೀರ್ಮಾನ ಯಾವುದೂ ಬೇಡ. ಬೈಕ್ ಮಾರೋದು ಬೇಡ, ಮತ್ತೆ ಹೊರಡೋ ಟಿಕೆಟ್ಟೂ ಬೇಡ. ಸೆಟಲ್ ಆಗು ಅನ್ನೋರಿಗೆ "ಆಗ್ತಾ ಇದೀನಿ" ಅಂತ ಹೇಳಿ. ಅದು ಸುಳ್ಳಲ್ಲ. ನನ್ನ ಠೇವಣಿ ಇನ್ನೂ ಬರಬೇಕು, ಅಪ್ಪನ ಮುಂದಿನ ಚೆಕಪ್ ಬರುವ ಗುರುವಾರ ಇದೆ.

ಧಾರವಾಡದ ಕೇಳುಗರೇ, ಉತ್ತರ ಸ್ವಲ್ಪ ಉದ್ದ ಆಯ್ತು. ನೀವು ಹೊರಡೋ ಮೊದಲು ಮನೆಯವರನ್ನೂ ಕೂರಿಸಿ ಇದನ್ನು ಕೇಳಿಸಿ. ನಿಮ್ಮಲ್ಲಿ ಯಾರಾದರೂ ಹೀಗೆ ದೂರ ಹೋಗಿ ಮರಳಿದ್ದರೆ, ಅಥವಾ ಮನೆಯಲ್ಲಿದ್ದು ಕಾದಿದ್ದರೆ, ನಿಮ್ಮ ಅನುಭವ ಬರೆದು ಕಳಿಸಿ.