ಹುಡುಕಿದವರಿಗೆ ನಮ್ಮ ಚರ್ಚಿನ ಜಾಲತಾಣ ಏಕೆ ಸಿಗುವುದಿಲ್ಲ?



ಕಳೆದ ವರ್ಷ ಮುಂಬಯಿಯಲ್ಲಿ ನೆಲೆಸಿರುವ ಕುಟುಂಬವೊಂದು ಊರಿಗೆ ಬಂದಿತ್ತು. ಭಾನುವಾರದ ಪೂಜೆಯಲ್ಲಿ ಭಾಗವಹಿಸಿ, ತಾಯಿಯ ಸಮಾಧಿಯ ಬಳಿ ಧರ್ಮಗುರುಗಳಿಂದ ಪ್ರಾರ್ಥನೆ ಮಾಡಿಸಿ, ಮಧ್ಯಾಹ್ನದ ರೈಲಿನಲ್ಲಿ ಮರಳುವುದು ಅವರ ಯೋಚನೆಯಾಗಿತ್ತು. ಎಂಟೂವರೆಗೆ ಪೂಜೆಯೆಂದು ತಿಳಿದು ಬಂದವರಿಗೆ ಕಂಡದ್ದು ಬಾಗಿಲು ಹಾಕಿದ ಚರ್ಚ್. ಪೂಜೆ ಏಳು ಗಂಟೆಗೇ ಆರಂಭವಾಗಿ ಮುಗಿದಿತ್ತು. ಧರ್ಮಗುರುಗಳು ಎರಡನೆಯ ಪೂಜೆಗಾಗಿ ದೂರದ ಪ್ರಾರ್ಥನಾಲಯಕ್ಕೆ ಹೊರಟಾಗಿತ್ತು. ಆ ಕುಟುಂಬದವರು ಸಮಾಧಿಯ ಮುಂದೆ ತಾವಾಗಿಯೇ ಪ್ರಾರ್ಥಿಸಿ ಹಿಂದಿರುಗಿದರು.

ಅವರು ಸಮಯ ನೋಡಿಕೊಂಡದ್ದು ಮೊಬೈಲಿನಲ್ಲಿ. ಹುಡುಕಿದಾಗ ಮೊದಲು ಬಂದದ್ದು ಯಾರೋ ಹಲವು ವರ್ಷಗಳ ಹಿಂದೆ ಮಾಡಿಟ್ಟು ಮರೆತ ಒಂದು ಪುಟ. ಚರ್ಚಿನ ಸ್ವಂತ ಜಾಲತಾಣದಲ್ಲಿ ಸರಿಯಾದ ಸಮಯವೇ ಇತ್ತು. ಆದರೆ ಅದು ಫಲಿತಾಂಶದ ಮೂರನೆಯ ಪುಟದಲ್ಲಿತ್ತು. ಅಲ್ಲಿಯ ತನಕ ಹೋಗಿ ನೋಡುವವರು ಎಷ್ಟು ಮಂದಿ?

ಇದನ್ನು ಕೇಳಿದ ಪಾಲನಾ ಮಂಡಳಿಯ ಸದಸ್ಯರೊಬ್ಬರು ನಮ್ಮಲ್ಲಿ, "ಫಾದರ್, ಮೊದಲ ಸ್ಥಾನಕ್ಕೆ ಬರಲು ಎಷ್ಟು ಹಣ ಕಟ್ಟಬೇಕು?" ಎಂದು ವಿಚಾರಿಸಿದರು. ವಾರ್ಷಿಕ ಶುಲ್ಕ ಕೊಟ್ಟರೆ ಮೊದಲ ಸ್ಥಾನ ಖಾತ್ರಿ ಎಂದು ಭರವಸೆ ನೀಡುವ ಪತ್ರವೊಂದು ಅವರ ಕೈಯಲ್ಲಿತ್ತು. ಇಂತಹ ಪತ್ರಗಳು ಬೇರೆ ಚರ್ಚುಗಳಿಗೂ ಬಂದಿರಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಸೂಕ್ತವೆಂದು ನಾವು ಭಾವಿಸಿದೆವು.

ಶೋಧಯಂತ್ರ ಮಾಡುವ ಮೂರು ಕೆಲಸಗಳು

ನಾವು ಹುಡುಕಿದ ಕ್ಷಣದಲ್ಲಿ ಗೂಗಲ್ ಇಡೀ ಅಂತರ್ಜಾಲವನ್ನು ಜಾಲಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅದರ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳ ಮೂಲಕ ಸದಾ ಸಂಚರಿಸುತ್ತಿರುತ್ತದೆ. ಇದು ಮೊದಲ ಕೆಲಸ. ಕಂಡ ಪುಟಗಳಲ್ಲಿ ಏನಿದೆ ಎಂಬುದನ್ನು ತನ್ನ ಸೂಚಿಯಲ್ಲಿ ಬರೆದಿಡುವುದು ಎರಡನೆಯದು. ನಾವು ಕೇಳಿದಾಗ ಆ ಸೂಚಿಯನ್ನು ನೋಡಿ, ಯಾವುದು ಮೇಲೆ, ಯಾವುದು ಕೆಳಗೆ ಎಂದು ನಿರ್ಧರಿಸುವುದು ಮೂರನೆಯದು.

ಚರ್ಚ್ ಕಚೇರಿಯ ಜ್ಞಾನಸ್ನಾನದ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಸೂಚಿಯಲ್ಲಿ ಹೆಸರು ಬರೆಯದಿದ್ದರೆ, ಒಳಗೆ ದಾಖಲೆಯಿದ್ದರೂ ಗುಮಾಸ್ತರಿಗೆ ಅದು ಸಿಗುವುದು ಕಷ್ಟ. ಯಂತ್ರಕ್ಕೂ ಅಷ್ಟೇ. ಅದು ತಲುಪಲಾರದ, ಓದಲಾರದ ಪುಟಕ್ಕೆ ಒಳ್ಳೆಯ ಸ್ಥಾನ ಸಿಗುವ ಮಾತೇ ಇಲ್ಲ.

ಕೊಂಡಿ ಎಂಬ ಸಾಕ್ಷಿ

1990ರ ದಶಕದ ಶೋಧಯಂತ್ರಗಳು ಬಹುಮಟ್ಟಿಗೆ ಪದಗಳನ್ನೇ ನೆಚ್ಚಿಕೊಂಡಿದ್ದವು. ಒಂದೇ ಪದವನ್ನು ನೂರು ಸಲ ಬರೆದು ಮೇಲೇರಲು ಯತ್ನಿಸಿದವರಿಗೆ ಕೊರತೆಯಿರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಬೇರೊಂದು ದಾರಿಯನ್ನು ಮುಂದಿಟ್ಟರು. ಒಂದು ಪುಟಕ್ಕೆ ಇನ್ನೊಂದು ಪುಟ ಕೊಂಡಿ ಅಂದರೆ ಲಿಂಕ್ ಕೊಟ್ಟರೆ ಅದನ್ನು ಒಂದು ಸಾಕ್ಷಿಯೆಂದು ಎಣಿಸುವುದು. ಸಾಕ್ಷಿ ಹೇಳುವ ಪುಟಕ್ಕೆ ತಾನೇ ಎಷ್ಟು ಸಾಕ್ಷಿಗಳಿವೆ ಎಂಬುದನ್ನೂ ನೋಡುವುದು. ಇದಕ್ಕೆ 'ಪೇಜ್‌ರ‍್ಯಾಂಕ್' ಎಂದು ಹೆಸರು. ದಾರಿಹೋಕರು ಹತ್ತು ಮಂದಿ ಹೊಗಳುವುದಕ್ಕಿಂತ ಊರಿನ ಗುರಿಕಾರರೊಬ್ಬರು ಹೇಳುವ ಮಾತಿಗೆ ತೂಕ ಹೆಚ್ಚಲ್ಲವೇ? ಅದೇ ತರ್ಕ.

ಸಾಕ್ಷಿಗೆ ಬೆಲೆ ಬಂದಾಗ ಸುಳ್ಳು ಸಾಕ್ಷಿಯ ವ್ಯಾಪಾರವೂ ಆರಂಭವಾಯಿತು. ಅಮೆರಿಕದ ದೊಡ್ಡ ವ್ಯಾಪಾರ ಸಂಸ್ಥೆ ಜೆ.ಸಿ. ಪೆನ್ನಿಯ ಜಾಲತಾಣಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಕೊಂಡಿಗಳನ್ನು ಹಾಕಿಸಿರುವುದನ್ನು 2011ರ ಫೆಬ್ರವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಬಯಲಿಗೆಳೆಯಿತು. ಹಲವು ಹುಡುಕಾಟಗಳಲ್ಲಿ ಮೊದಲಿಗಿದ್ದ ಆ ತಾಣವನ್ನು ಗೂಗಲ್ ಬಹಳ ಹಿಂದಕ್ಕೆ ತಳ್ಳಿತು. 2012ರ ಏಪ್ರಿಲ್‌ನಲ್ಲಿ 'ಪೆಂಗ್ವಿನ್' ಎಂಬ ಬದಲಾವಣೆಯ ಮೂಲಕ ಇಂತಹ ಕೊಂಡಿಗಳ ಮೇಲೆ ಕ್ರಮ ಇನ್ನೂ ಬಿಗಿಯಾಯಿತು. ಮೊದಲ ಸ್ಥಾನವನ್ನು ಯಾರೂ ಖಾತ್ರಿಪಡಿಸಲಾರರು ಎಂದು ಗೂಗಲ್ ತಾನೇ ಎಚ್ಚರಿಸಿದೆ. ಹಣ ಕೊಟ್ಟು ಜಾಹೀರಾತು ಹಾಕಬಹುದು ನಿಜ. ಆದರೆ ಅದು ಪ್ರಾಯೋಜಿತ ಎಂಬ ಗುರುತಿನೊಡನೆ ಬೇರೆಯಾಗಿ ಕಾಣಿಸುತ್ತದೆ, ಹಣ ಮುಗಿದಂದು ಮಾಯವಾಗುತ್ತದೆ.

ಇಂದು ನೋಡುವ ಅಂಶಗಳು

ಇಂದು ಸ್ಥಾನ ನಿರ್ಣಯದಲ್ಲಿ ನೂರಾರು ಅಂಶಗಳಿವೆ. ಅವುಗಳ ತೂಕವನ್ನು ಕಂಪೆನಿಗಳು ಪೂರ್ತಿಯಾಗಿ ಹೊರಗೆಡಹುವುದಿಲ್ಲ. ಬಹಿರಂಗವಾಗಿ ತಿಳಿಸಿದವುಗಳಲ್ಲಿ ನಮಗೆ ಬೇಕಾದವು ಇವು. ಕೇಳಿದ ಪ್ರಶ್ನೆಗೆ ಪುಟದಲ್ಲಿ ನೇರ ಉತ್ತರವಿದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಬೇರೆಡೆಯಿಂದ ನಕಲು ಮಾಡಿದ, ಹುರುಳಿಲ್ಲದ ಪುಟಗಳನ್ನು ಕೆಳಗಿಳಿಸಲು 2011ರಲ್ಲಿ 'ಪಾಂಡ' ಎಂಬ ಬದಲಾವಣೆ ಬಂತು. 2014ರಿಂದ ಸುರಕ್ಷಿತ ಸಂಪರ್ಕಕ್ಕೆ, ಅಂದರೆ ಎಚ್‌ಟಿಟಿಪಿಎಸ್ ಇರುವ ತಾಣಕ್ಕೆ, ಸ್ವಲ್ಪ ಮನ್ನಣೆ ಇದೆ. 2015ರ ಏಪ್ರಿಲ್‌ನಿಂದ ಮೊಬೈಲ್ ಹುಡುಕಾಟದಲ್ಲಿ ಮೊಬೈಲಿಗೆ ಹೊಂದುವ ಪುಟಗಳಿಗೆ ಆದ್ಯತೆ ಸಿಕ್ಕಿತು. 2018ರ ಜುಲೈನಿಂದ ಮೊಬೈಲಿನಲ್ಲಿ ಪುಟ ತೆರೆದುಕೊಳ್ಳುವ ವೇಗವೂ ಲೆಕ್ಕಕ್ಕೆ ಬಂತು. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್‌ಗಳ ಪಟ್ಟಿಯನ್ನು ತಾನು ಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲಿಯೇ ತಿಳಿಸಿದೆ. ಇಂದಿಗೂ ಅದಕ್ಕೆಂದು ಶುಲ್ಕ ಕೇಳುವವರಿದ್ದರೆ ಕೊಡಬೇಕಾಗಿಲ್ಲ.

'ಹತ್ತಿರದ ಚರ್ಚ್' ಎಂಬಂತಹ ಸ್ಥಳೀಯ ಹುಡುಕಾಟಕ್ಕೆ ಬೇರೆ ಲೆಕ್ಕವಿದೆ. ಪ್ರಶ್ನೆಗೆ ಹೊಂದಿಕೆ, ಹುಡುಕುವವರಿಂದ ಇರುವ ದೂರ, ಸ್ಥಳದ ಪ್ರಸಿದ್ಧಿ ಎಂಬ ಮೂರನ್ನು ಅಲ್ಲಿ ನೋಡಲಾಗುತ್ತದೆ. ನಕ್ಷೆಯೊಂದಿಗೆ ಬರುವ ಆ ಮಾಹಿತಿಯನ್ನು ಚರ್ಚಿನವರೇ ಉಚಿತವಾಗಿ ತಮ್ಮ ಸುಪರ್ದಿಗೆ ಪಡೆದು ತಿದ್ದಬಹುದು.

2024ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಸಾರಾಂಶವನ್ನು ಗೂಗಲ್ ಫಲಿತಾಂಶಗಳ ಮೇಲೆಯೇ ತೋರಿಸತೊಡಗಿತು. ಆ ವರ್ಷದ ಆಗಸ್ಟ್‌ನಲ್ಲಿ ಇದು ಭಾರತಕ್ಕೂ ಬಂತು. ಹಳೆಯ ತಪ್ಪು ಸಮಯವು ಅಂತರ್ಜಾಲದಲ್ಲಿ ಉಳಿದಿದ್ದರೆ ಅದೇ ಉತ್ತರವಾಗಿ ಬರುವ ಅಪಾಯವಿದೆ. ಕೊಂಡಿಯನ್ನು ಒತ್ತಿ ಪರೀಕ್ಷಿಸುವವರು ಮೊದಲಿಗಿಂತಲೂ ಕಡಿಮೆಯಾಗಬಹುದು.

ಕನ್ನಡ ಪುಟಗಳ ವಿಶೇಷ ತೊಂದರೆ

ನಮ್ಮ ಅನೇಕ ಹಳೆಯ ಪುಟಗಳನ್ನು ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಲಾಗಿತ್ತು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಆವೃತ್ತಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇದ್ದವರಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ಗುಂಪು. ಅಂತಹ ಪುಟ ಕನ್ನಡದಲ್ಲಿ ಹುಡುಕಿದವರಿಗೆ ಸಿಗಲಾರದು.

ಇಂದಿನ ತೊಂದರೆ ಚಿತ್ರಗಳದ್ದು. ಹಬ್ಬದ ಆಮಂತ್ರಣ, ಪೂಜೆಯ ವೇಳಾಪಟ್ಟಿ, ಕಚೇರಿಯ ಸಮಯ ಎಲ್ಲವನ್ನೂ ಅಂದವಾದ ಪೋಸ್ಟರ್ ಮಾಡಿ ಹಾಕುತ್ತೇವೆ, ಇಲ್ಲವೇ ಸ್ಕ್ಯಾನ್ ಮಾಡಿದ ಪಿಡಿಎಫ್ ಏರಿಸುತ್ತೇವೆ. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರ ಈಗ ಸ್ವಲ್ಪಮಟ್ಟಿಗೆ ಓದಬಲ್ಲದಾದರೂ ಅದನ್ನೇ ನಂಬಿ ಕೂರುವಂತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಂಚಿದ ಮಾಹಿತಿಯಂತೂ ಶೋಧಯಂತ್ರಕ್ಕೆ ಕಾಣುವುದೇ ಇಲ್ಲ.

ಹೆಸರಿನ ಸಮಸ್ಯೆಯೂ ಇದೆ. ಕಾರ್ಕಳದ ಅತ್ತೂರಿನಲ್ಲಿರುವುದು ಸಂತ ಲಾರೆನ್ಸರ ಬಸಿಲಿಕ. ಆದರೆ ಹುಡುಕುವವರು 'ಅತ್ತೂರು ಚರ್ಚ್' ಎಂದು ಬರೆಯುತ್ತಾರೆ. ಕೆಲವರು 'ಲೊರೆನ್ಸ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹುಡುಕುವವರೂ ಇದ್ದಾರೆ. ನಮ್ಮ ಪುಟದಲ್ಲಿ ಅಧಿಕೃತ ಹೆಸರು ಮಾತ್ರವಿದ್ದು ಊರಿನ ಹೆಸರೇ ಇಲ್ಲದಿದ್ದರೆ ಅದು ಜನರ ಪ್ರಶ್ನೆಗೆ ಹೊಂದುವುದಾದರೂ ಹೇಗೆ?

ಪಾಲನಾ ಮಂಡಳಿಗಳು ಮಾಡಬಹುದಾದದ್ದು

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಪೂಜೆಯ ಸಮಯ, ಕಚೇರಿಯ ಸಮಯ, ದೂರವಾಣಿ, ತಲುಪುವ ದಾರಿ ಇವನ್ನು ಯೂನಿಕೋಡ್ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸರಳ ಪಠ್ಯವಾಗಿ ಒಂದೇ ಪುಟದಲ್ಲಿ ಬರೆಯಿರಿ. ಪುಟದ ಶೀರ್ಷಿಕೆಯಲ್ಲಿ ಚರ್ಚಿನ ಹೆಸರಿನೊಂದಿಗೆ ಊರಿನ ಹೆಸರೂ ಇರಲಿ. ಸಮಯ ಬದಲಾದ ದಿನವೇ ಪುಟವನ್ನೂ ತಿದ್ದಿ, ತಿದ್ದಿದ ದಿನಾಂಕ ಹಾಕಿ. ಧರ್ಮಪ್ರಾಂತ್ಯದ ತಾಣ, ನಿಮ್ಮ ಶಾಲೆಯ ತಾಣ, ನೆರೆಯ ಚರ್ಚುಗಳ ತಾಣಗಳಿಂದ ಕೊಂಡಿ ಕೇಳಿ ಪಡೆಯಿರಿ, ನೀವೂ ಕೊಡಿ. ಇವು ನಿಜವಾದ ಸಂಬಂಧದ ಸಾಕ್ಷಿಗಳು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ, ನಿಮ್ಮ ಪುಟಗಳು ಸೂಚಿಗೆ ಸೇರಿವೆಯೇ, ಜನರು ಯಾವ ಪದಗಳಿಂದ ಹುಡುಕಿ ಬರುತ್ತಿದ್ದಾರೆ ಎಂಬುದನ್ನು ನೋಡಬಹುದು.

ಇನ್ನೊಂದು ಮಾತು. ಜಾಲತಾಣ ಮಾಡಿದ ಯುವಕ ಕೊಲ್ಲಿ ರಾಷ್ಟ್ರಕ್ಕೆ ಹೋದ ಮೇಲೆ ಪಾಸ್‌ವರ್ಡ್ ಯಾರಲ್ಲಿಯೂ ಇಲ್ಲದ ಚರ್ಚುಗಳನ್ನು ನಾವು ಕಂಡಿದ್ದೇವೆ. ಪಾಸ್‌ವರ್ಡ್ ಮತ್ತು ತಾಣದ ಹೆಸರಿನ ನವೀಕರಣ ದಿನಾಂಕ ಚರ್ಚಿನ ಕಡತದಲ್ಲಿರಲಿ. ಒಬ್ಬರಿಗೆ ಆ ಹೊಣೆಯಿರಲಿ.

ಆರಂಭದಲ್ಲಿ ಹೇಳಿದ ಚರ್ಚಿನವರು ಆ ಪತ್ರಕ್ಕೆ ಹಣ ಕಟ್ಟಲಿಲ್ಲ. ಹಳೆಯ ಪುಟ ಮಾಡಿದವರನ್ನು ಹುಡುಕಿ ಅದನ್ನು ತೆಗೆಸಿದರು. ಪೋಸ್ಟರಿನಲ್ಲಿದ್ದ ವೇಳಾಪಟ್ಟಿಯನ್ನು ಪಠ್ಯವಾಗಿ ಬರೆದರು, ನಕ್ಷೆಯ ಮಾಹಿತಿಯನ್ನು ತಿದ್ದಿದರು. ಕೆಲವು ವಾರಗಳ ನಂತರ ಅವರ ತಾಣ ಮೊದಲ ಪುಟಕ್ಕೆ ಬಂತು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾವು ಖಾತ್ರಿ ಕೊಡಲಾರೆವು. ಆದರೆ ಬಂದವರಿಗೆ ಸರಿಯಾದ ಸಮಯ ತಿಳಿಯುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಈ ವಾರ ನಿಮ್ಮ ಚರ್ಚಿನ ಹೆಸರನ್ನು, ಊರಿಗೆ ಹೊಸಬರಂತೆ, ಒಮ್ಮೆ ನೀವೇ ಹುಡುಕಿ ನೋಡಿ. ಮೊದಲು ಬಂದ ಪುಟದಲ್ಲಿರುವ ಸಮಯ ಸರಿಯಿದೆಯೇ?